ಬೋರ್ಡ್ ಹೋಗಿದೆ ಅಂದರೆ ಯಾವ ಚಿಪ್ ಹೋಗಿದೆ? ರಿಪೇರಿ, ಹಳೆ ಬೋರ್ಡ್, ಹೊಸ ಸೆಟ್‌ಗಳ ನಡುವೆ ಆರಿಸುವ ಬಗೆ

ಏಪ್ರಿಲ್ ಕೊನೆಗೆ ಭರಣಿ ಮಳೆಯ ಮೊದಲ ಗುಡುಗು ಕೇಳಿದ ಮಾರನೆಯ ಬೆಳಿಗ್ಗೆಯಿಂದ ಡೆಸ್ಕ್‌ಟಾಪ್ ಕಂಪ್ಯೂಟರ್ ಇಟ್ಟುಕೊಂಡವರಿಂದ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ನಿನ್ನೆ ರಾತ್ರಿ ಸರಿಯಿತ್ತು, ಇವತ್ತು ಬಟನ್ ಒತ್ತಿದರೆ ಸುದ್ದಿಯೇ ಇಲ್ಲ. ಅಂಗಡಿಯವರು ಬೋರ್ಡ್ ಹೋಗಿದೆ ಅಂತಾರೆ. ಕೆಟ್ಟ ಚಿಪ್ಪನ್ನಷ್ಟೇ ಸರಿಮಾಡೋ ಚಿಪ್ ಲೆವೆಲ್ ರಿಪೇರಿ ಮಾಡಿಸಲಾ, ಸೆಕೆಂಡ್ ಹ್ಯಾಂಡ್ ಬೋರ್ಡ್ ಹಾಕಿಸಲಾ, ಇಲ್ಲ ಹೊಸದನ್ನೇ ತಗೊಳ್ಳಲಾ?" ಕೇಳುವವರಲ್ಲಿ ಡಿಟಿಪಿ ಮಾಡುವವರಿದ್ದಾರೆ, ಹಾಲಿನ ಸೊಸೈಟಿಯ ಲೆಕ್ಕ ಬರೆಯುವವರಿದ್ದಾರೆ, ಮಗಳ ಇಂಜಿನಿಯರಿಂಗ್ ಓದಿಗೆಂದು ಕಂತಿನಲ್ಲಿ ಕಂಪ್ಯೂಟರ್ ಕೊಡಿಸಿದವರಿದ್ದಾರೆ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಅನ್ಯಾಯವಾಗುತ್ತದೆ.

"ಬೋರ್ಡ್ ಹೋಗಿದೆ" ಅನ್ನುವುದು ವೈದ್ಯರ ಹತ್ತಿರ "ಹೊಟ್ಟೆನೋವು" ಅಂದ ಹಾಗೆ. ಯಂತ್ರದ ಭಾಗಗಳೆಲ್ಲ ಕೂರುವ ಆ ಹಸಿರು ಹಲಗೆಯ, ಅಂದರೆ ಮದರ್‌ಬೋರ್ಡಿನ ಮೇಲೆ ಸಣ್ಣದು ದೊಡ್ಡದು ಸೇರಿ ಹತ್ತಾರು ಐಸಿಗಳು, ಅಂದರೆ ಚಿಪ್‌ಗಳಿವೆ. ನೆಟ್‌ವರ್ಕ್ ಐಸಿ ಸತ್ತರೆ ಕೆಲವು ನೂರು ರೂಪಾಯಿಯ ಕಾರ್ಡ್ ಹಾಕಿ ಮತ್ತೆ ಐದು ವರ್ಷ ಓಡಿಸಬಹುದು. ಬೋರ್ಡಿನ ಭಾಗಗಳನ್ನೆಲ್ಲ ಒಂದಕ್ಕೊಂದು ಜೋಡಿಸುವ ಮುಖ್ಯ ಚಿಪ್, ಅಂದರೆ ಚಿಪ್‌ಸೆಟ್ಟೇ ಸತ್ತರೆ ಬಹುಪಾಲು ಆ ಬೋರ್ಡಿನ ಕಥೆ ಮುಗಿದಂತೆ. ಹಾಗಾಗಿ ಯಾವ ಚಿಪ್ ಎಂದು ತಿಳಿಯುವವರೆಗೆ ಯಾವ ದಾರಿಗೂ ಹಣ ಬಿಚ್ಚಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು.

ತೂಗಿ ನೋಡಬೇಕಾದ ಸಂಗತಿಗಳು ನನ್ನ ಲೆಕ್ಕದಲ್ಲಿ ಐದು. ಯಾವ ಚಿಪ್ ಹೋಗಿದೆ, ಯಾಕೆ ಹೋಯಿತು, ಯಂತ್ರ ಯಾವ ತಲೆಮಾರಿನದು, ಅದಿಲ್ಲದೆ ನಿಮಗೆ ಎಷ್ಟು ದಿನ ನಡೆಯುತ್ತದೆ, ಒಳಗಿರುವ ಡೇಟಾ ಮತ್ತು ವಿಂಡೋಸ್ ಲೈಸೆನ್ಸಿನ ಗತಿ ಏನು. ಬಜೆಟ್ಟನ್ನು ನಾನು ಬೇಕೆಂದೇ ಕೊನೆಗೆ ಇಡುತ್ತೇನೆ. ಈ ಐದಕ್ಕೆ ಉತ್ತರ ಸಿಕ್ಕ ಮೇಲೆ ಎಷ್ಟು ಖರ್ಚು ಮಾಡುವುದು ಸರಿ ಎಂಬುದು ಬಹುಮಟ್ಟಿಗೆ ತಾನೇ ಗೊತ್ತಾಗುತ್ತದೆ.

ಅದು ಬೋರ್ಡೇ ಹೌದಾ?

ಬೋರ್ಡ್ ಎಂದು ಬಂದ ಎಷ್ಟೋ ಯಂತ್ರಗಳಲ್ಲಿ ತೊಂದರೆ ಇದ್ದದ್ದು ಮೇನ್ಸಿನ ಕರೆಂಟನ್ನು ಬೋರ್ಡಿಗೆ ಬೇಕಾದಂತೆ ಇಳಿಸಿ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್‌ನಲ್ಲಿ ಅಥವಾ ರ‍್ಯಾಮ್‌ನಲ್ಲಿ. ಕ್ಯಾಬಿನೆಟ್ ಬಿಚ್ಚಿ ಮಾನಿಟರ್, ಕೀಬೋರ್ಡ್ ಬಿಟ್ಟು ಉಳಿದದ್ದನ್ನೆಲ್ಲ ಕಳಚಿ: ಹಾರ್ಡ್‌ಡಿಸ್ಕ್, ಪ್ರಿಂಟರ್ ಕೇಬಲ್, ಪೆನ್‌ಡ್ರೈವ್, ಮುಂಭಾಗದ ಯುಎಸ್‌ಬಿ ವೈರು. ಪ್ರೊಸೆಸರ್‌ನಲ್ಲೇ ಡಿಸ್‌ಪ್ಲೇ ಕೊಡುವ ಭಾಗ ಇದ್ದರೆ ಗ್ರಾಫಿಕ್ಸ್ ಕಾರ್ಡನ್ನೂ ತೆಗೆಯಿರಿ. ಮುಂಭಾಗದ ಯುಎಸ್‌ಬಿ ಪೋರ್ಟಿನೊಳಗೆ ಒಂದು ಪಿನ್ ಬಾಗಿ ಪಕ್ಕದ್ದಕ್ಕೆ ತಾಗಿದ್ದರೂ ಯಂತ್ರ ಆನ್ ಆಗದೆ ಕೂರುವುದುಂಟು. ರ‍್ಯಾಮಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಒಂದೇ ರ‍್ಯಾಮನ್ನು ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಿ. ನಾಣ್ಯದಂಥ ಸಿಆರ್2032 ಸೆಲ್ಲನ್ನು ಅಳೆಯಿರಿ, 3 ವೋಲ್ಟಿನ ಆಸುಪಾಸು ಇರಬೇಕು. ಪವರ್ ಬಟನ್ನೇ ಕೆಟ್ಟಿರಬಹುದು. ಬೋರ್ಡಿನ ಮೂಲೆಯಲ್ಲಿ ಬಟನ್ನಿನ ವೈರು ಕೂರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಅದು ಗೊತ್ತಾಗುತ್ತದೆ.

ಎಸ್‌ಎಂಪಿಎಸ್ ಪರೀಕ್ಷೆಗೆ ಪರಿಚಯದವರಿಂದ ಇನ್ನೊಂದನ್ನು ತಂದು ಹಾಕಿ ನೋಡುವುದೇ ಉತ್ತಮ. 24 ಪಿನ್ ಕನೆಕ್ಟರ್ ಕಳಚಿ ಹಸಿರು ವೈರನ್ನು ಕಪ್ಪಿಗೆ ಪೇಪರ್ ಕ್ಲಿಪ್ಪಿನಿಂದ ಸೇರಿಸಿದರೆ ಫ್ಯಾನ್ ತಿರುಗುತ್ತದೆ ನಿಜ. ಆದರೆ ಹೊರೆ ಇಲ್ಲದೆ ಫ್ಯಾನ್ ತಿರುಗಿದ ಮಾತ್ರಕ್ಕೆ ಎಸ್‌ಎಂಪಿಎಸ್ ಗಟ್ಟಿಯಾಗಿದೆ ಎಂದಲ್ಲ. ಏನೇ ಆದರೂ ಎಸ್‌ಎಂಪಿಎಸ್ ಡಬ್ಬಿಯನ್ನು ಮನೆಯಲ್ಲಿ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್ 300 ವೋಲ್ಟಿಗೂ ಮಿಕ್ಕಿ ಹಿಡಿದುಕೊಂಡಿರಬಹುದು.

ಚಿಪ್ಪನ್ನು ಗುರುತಿಸುವುದು

ಇಲ್ಲಿಗೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. 24 ಪಿನ್ ಕನೆಕ್ಟರ್ ಬೋರ್ಡಿನಲ್ಲೇ ಇರಲಿ. ಮೀಟರಿನ ಕಪ್ಪು ಕಡ್ಡಿಯನ್ನು ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ, ಕೆಂಪು ಕಡ್ಡಿಯನ್ನು ಕನೆಕ್ಟರಿನ ಹಿಂಬದಿಯಿಂದ ನೇರಳೆ ವೈರಿನ ಸಂದಿಗೆ ಇಳಿಸಿ. ಯಂತ್ರ ಆಫ್ ಇದ್ದರೂ ಗೋಡೆಯ ಸ್ವಿಚ್ ಹಾಕಿದ್ದರೆ ಅಲ್ಲಿ 5 ವೋಲ್ಟ್ ಬರಬೇಕು, 4.75ಕ್ಕಿಂತ ಕಡಿಮೆಯಾಗಬಾರದು. ಇದು ಸ್ಟ್ಯಾಂಡ್‌ಬೈ ಕರೆಂಟು. ಯಂತ್ರ ಮಲಗಿದ್ದಾಗಲೂ ಉಸಿರಾಡುವುದು ಇದರಿಂದಲೇ. ಆಮೇಲೆ ಹಸಿರು ವೈರು. ಆಫ್ ಇದ್ದಾಗ ಅಲ್ಲಿ 3ರಿಂದ 5 ವೋಲ್ಟ್ ಇರುತ್ತದೆ, ಬಟನ್ ಒತ್ತಿದ ಕೂಡಲೇ ಸೊನ್ನೆಯ ಹತ್ತಿರಕ್ಕೆ ಬೀಳಬೇಕು. ಬೋರ್ಡು ಎಸ್‌ಎಂಪಿಎಸ್‌ಗೆ "ಏಳು" ಎಂದು ಹೇಳುವುದು ಹೀಗೆ.

ನೇರಳೆಯಲ್ಲಿ 5 ಇದೆ, ಬಟನ್ ಸರಿಯಿದೆ, ಆದರೆ ಹಸಿರು ಬೀಳುತ್ತಿಲ್ಲ ಎಂದರೆ ಅನುಮಾನ ಮೂರು ಕಡೆ. ಮೊದಲನೆಯದು ಸೂಪರ್ ಐಒ, ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ "ಐಒ". ನಾಲ್ಕೂ ಬದಿಗೆ ಕಾಲುಗಳಿರುವ ಚೌಕ ಐಸಿ ಅದು. ಬಟನ್ ಒತ್ತಿದ್ದನ್ನು ಗಮನಿಸುವುದು, ಫ್ಯಾನ್ ವೇಗ ನೋಡುವುದು ಅದರ ಕೆಲಸ. ಎರಡನೆಯದು ಚಿಪ್‌ಸೆಟ್, ಇಂದಿಗೂ ಎಲ್ಲರೂ "ಸೌತ್ ಬ್ರಿಡ್ಜ್" ಅನ್ನುತ್ತಾರೆ. ಮೂರನೆಯದು 5 ವೋಲ್ಟನ್ನು 3.3ಕ್ಕೆ ಇಳಿಸುವ ಸ್ಟ್ಯಾಂಡ್‌ಬೈ ಸರ್ಕ್ಯೂಟ್, ಅಥವಾ ಆ 3.3 ಅನ್ನು ಉಣ್ಣುವ ಯಾವುದೋ ಐಸಿ ಶಾರ್ಟ್ ಆಗಿ ಇಡೀ ಲೈನನ್ನು ಕೆಳಗೆಳೆದಿರುವುದು. ಮೂರರಲ್ಲಿ ಈ ಕೊನೆಯದನ್ನು ಹೆಚ್ಚಿನವರು ಹುಡುಕುವುದೇ ಇಲ್ಲ.

ಎರಡು ವರ್ಷದ ಹಿಂದೆ ಸಾಗರದ ಹತ್ತಿರ ನಮ್ಮ ಅಕ್ಕ ನಡೆಸುವ ಡಿಟಿಪಿ ಸೆಂಟರಿನ ಯಂತ್ರ ಹೀಗೇ ಸತ್ತಿತ್ತು. ಮೇ ತಿಂಗಳು, ಮದುವೆ ಕಾಗದಗಳ ಸೀಸನ್. ಪಕ್ಕದ ಕಟ್ಟಡದಿಂದ ತಾಮ್ರದ ಲ್ಯಾನ್ ಕೇಬಲ್ ಹೊರಗಿನ ಗೋಡೆಗುಂಟ ಬಂದಿತ್ತು. ಅಂಗಡಿಯೊಂದರಲ್ಲಿ ಸೌತ್ ಬ್ರಿಡ್ಜ್ ಹೋಗಿದೆ, ಬೋರ್ಡ್ ಬದಲಿಸಬೇಕು ಎಂದಿದ್ದರು. ನಾನು ಹೋಗಿ ಯಂತ್ರವನ್ನು ಆನ್ ಮಾಡದೆ, ಬರೀ ಗೋಡೆಯ ಸ್ವಿಚ್ ಹಾಕಿ ಹತ್ತು ನಿಮಿಷ ಬಿಟ್ಟೆ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೆತ್ತನೆಯ ಬ್ರಷ್ಷಿನಿಂದ ಬೋರ್ಡಿನ ಮೇಲೆ ತೆಳ್ಳಗೆ ಸವರಿದೆ. ಎಲ್ಲ ಕಡೆ ಒದ್ದೆ ನಿಧಾನಕ್ಕೆ ಆರುತ್ತಿತ್ತು. ಹಿಂಬದಿಯ ಲ್ಯಾನ್ ಪೋರ್ಟಿನ ಪಕ್ಕದ, ಕಿರುಬೆರಳಿನ ಉಗುರಿಗಿಂತ ಸಣ್ಣ ಐಸಿಯ ಮೇಲೆ ಮಾತ್ರ ಸವರಿದ ಕೂಡಲೇ ಆವಿ. ಬೆರಳಿಟ್ಟರೆ ಇಡಲಾಗದಷ್ಟು ಬಿಸಿ. ಯಂತ್ರ ಮಲಗಿರುವಾಗ ಅದು ಹಾಗೆ ಕಾಯುವ ಕಾರಣವೇ ಇಲ್ಲ. ಗೆಳೆಯನ ಹತ್ತಿರವಿದ್ದ, ಬಿಸಿಗಾಳಿಯಿಂದ ಬೆಸುಗೆ ಕರಗಿಸುವ ಹಾಟ್ ಏರ್‌ನಿಂದ ಆ ಐಸಿಯನ್ನು ಎಬ್ಬಿಸಿ ತೆಗೆದೆವು, ಜಾಗ ಖಾಲಿ ಬಿಟ್ಟೆವು. ಬಟನ್ ಒತ್ತಿದಾಗ ಫ್ಯಾನ್ ತಿರುಗಿ, ಪರದೆಯ ಮೇಲೆ ಕಂಪನಿಯ ಚಿತ್ರ ಬಂದಾಗ ಅಕ್ಕನ ಕಣ್ಣಲ್ಲಿ ನೀರಿತ್ತು. ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಲ್ಯಾನ್ ಕಾರ್ಡ್ ಒಂದನ್ನು ಸಿಕ್ಕಿಸಿದೆವು. ಆ ಬೋರ್ಡ್ ಇಂದಿಗೂ ಓಡುತ್ತಿದೆ.

ಉಳಿದ ಲಕ್ಷಣಗಳು ಹೀಗೆ. ಬಟನ್ ಒತ್ತಿದರೆ ಫ್ಯಾನ್ ಒಮ್ಮೆ ಜರ್ಕ್ ಹೊಡೆದು ನಿಲ್ಲುತ್ತದೆ ಎಂದರೆ ಎಲ್ಲೋ ಶಾರ್ಟ್ ಇದೆ, ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ. ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ 12 ವೋಲ್ಟ್ ಕನೆಕ್ಟರನ್ನು ಮಾತ್ರ ಕಳಚಿ ಮತ್ತೆ ಒತ್ತಿ. ಈಗ ಫ್ಯಾನ್ ನಿಲ್ಲದೆ ತಿರುಗಿದರೆ ಸ್ವಿಚ್ಚಿನಂತೆ ತೆರೆದು ಮುಚ್ಚಿ ಪ್ರೊಸೆಸರಿಗೆ ಕರೆಂಟು ಕೊಡುವ ಮಾಸ್ಫೆಟ್‌ಗಳಲ್ಲಿ ಒಂದು ಶಾರ್ಟ್ ಆಗಿರುವುದು ಬಹುಪಾಲು ಖಚಿತ. ಇಂಥ ಬೋರ್ಡನ್ನು "ಒಮ್ಮೆ ನೋಡೋಣ" ಎಂದು ಪದೇ ಪದೇ ಆನ್ ಮಾಡಬೇಡಿ. 12 ವೋಲ್ಟಿನ ಲೈನಿಗೆ ಸೇರಿದ ಮಾಸ್ಫೆಟ್ ಶಾರ್ಟ್ ಆಗಿದ್ದರೆ ಒಂದು ವೋಲ್ಟಿನ ಆಸುಪಾಸು ಹೋಗಬೇಕಾದ ಪ್ರೊಸೆಸರಿಗೆ 12 ವೋಲ್ಟ್ ನುಗ್ಗಿ ಅದನ್ನೂ ಕೊಲ್ಲುತ್ತದೆ.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಇಲ್ಲ: ರ‍್ಯಾಮ್, ಬಯೋಸ್ ಐಸಿ (ಯಂತ್ರ ಏಳುವಾಗ ಮೊದಲು ಓಡುವ ಪ್ರೋಗ್ರಾಂ ಇರುವ ಚಿಪ್), ಪ್ರೊಸೆಸರ್, ಅದು ಕೂರುವ ಸಾಕೆಟ್ಟಿನ ಬಾಗಿದ ಪಿನ್, ಕೊನೆಗೆ ಚಿಪ್‌ಸೆಟ್, ಈ ಕ್ರಮದಲ್ಲಿ ನೋಡುತ್ತಾ ಹೋಗಿ. ಬಯೋಸ್ ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಿದ್ದರೆ ಹೆಚ್ಚು ಹುಡುಕುವ ಅಗತ್ಯವೇ ಇಲ್ಲ, ಬಯೋಸ್ ಐಸಿಯೇ.

ಎಲ್ಲವೂ ಬರುತ್ತದೆ, ಆದರೆ ಶಬ್ದ ಇಲ್ಲ ಅಥವಾ ನೆಟ್ ಇಲ್ಲ ಅಥವಾ ಡಿಸ್ಕ್ ಕಾಣುವುದಿಲ್ಲ: ಆಯಾ ಐಸಿ. ಓಡುತ್ತಾ ಓಡುತ್ತಾ ನಿಲ್ಲುತ್ತದೆ, ನೀಲಿ ಪರದೆ ಬರುತ್ತದೆ ಎಂದರೆ ಬೋರ್ಡಿನ ಮೇಲೆಯೇ ತೀರ್ಪು ಕೊಡಬೇಡಿ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚು ವೋಲ್ಟೇಜ್ ಕೇಳಿ ತಾವೇ ಸವೆಯುತ್ತಿದ್ದುದು 2024ರಲ್ಲಿ ಖಚಿತವಾಯಿತು. ಆಗಸ್ಟ್‌ನಲ್ಲಿ ಅದನ್ನು ತಡೆಯುವ ಹೊಸ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ಆದೇಶಗಳ ತಿದ್ದುಪಡಿ) ಬಂತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದರು. ಅಂಥ ಪ್ರೊಸೆಸರ್ ಇರುವವರು ಬೋರ್ಡ್ ಬದಲಿಸಿದರೆ ಹಣವೂ ಹೋಗುತ್ತದೆ, ನೀಲಿ ಪರದೆಯೂ ಉಳಿಯುತ್ತದೆ.

ಯಾಕೆ ಹೋಯಿತು ಎಂಬುದು ಯಾಕೆ ಮುಖ್ಯ

ಕಾರಣ ಹಾಗೇ ಉಳಿದರೆ ಹೊಸ ಬೋರ್ಡೂ ಅದೇ ದಾರಿ ಹಿಡಿಯುತ್ತದೆ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟನ್ನು ಮುಟ್ಟಿದಾಗ ಬೆರಳ ತುದಿ ಜುಮ್ಮೆನ್ನುತ್ತದೆಯಾ? ನಿಮ್ಮ ಪ್ಲಗ್ಗಿನಲ್ಲಿ ಅರ್ಥಿಂಗ್ ಇಲ್ಲ ಎಂದರ್ಥ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಕ್ಯಾಬಿನೆಟ್ ಮೇಲೆ ಮೇನ್ಸಿನ ಅರ್ಧದಷ್ಟು, ಸುಮಾರು 110 ವೋಲ್ಟ್, ತೇಲುತ್ತಿರುತ್ತದೆ. ಕರೆಂಟಿನ ಪ್ರಮಾಣ ತೀರಾ ಸಣ್ಣದು, ಮನುಷ್ಯರಿಗೆ ಜುಮ್ ಎನ್ನುತ್ತದೆ ಅಷ್ಟೆ. ಆದರೆ ಆನ್ ಇರುವ ಯಂತ್ರಕ್ಕೆ ಪ್ರಿಂಟರ್ ಕೇಬಲ್ಲೋ ಎಚ್‌ಡಿಎಂಐ ಕೇಬಲ್ಲೋ ಸಿಕ್ಕಿಸುವ ಕ್ಷಣದಲ್ಲಿ ಅದು ಐಸಿಗಳ ಮೂಲಕ ದಾರಿ ಹುಡುಕುತ್ತದೆ. ಯುಎಸ್‌ಬಿ ಪೋರ್ಟ್‌ಗಳು ಒಂದೊಂದಾಗಿ ಸಾಯುವ ಮನೆಗಳಲ್ಲಿ ನಾನು ಮೊದಲು ನೋಡುವುದು ಅರ್ಥಿಂಗನ್ನೇ.

ಕರಾವಳಿಯಲ್ಲಿ ಉಪ್ಪುಗಾಳಿ, ಮಲೆನಾಡಿನಲ್ಲಿ ನಾಲ್ಕು ತಿಂಗಳ ಥಂಡಿ, ಎರಡೂ ಐಸಿ ಕಾಲುಗಳ ನಡುವೆ ಹಸಿರು ಕಿಲುಬು ಹಿಡಿಸುತ್ತವೆ. ಬೆಚ್ಚಗಿರುತ್ತದೆಂದು ಇರುವೆ, ಜಿರಲೆಗಳು ಒಳಗೆ ಸೇರುತ್ತವೆ. ಇಂಥ ಬೋರ್ಡನ್ನು ಆಲ್ಕೊಹಾಲಿನಿಂದ ತೊಳೆದು ಒಣಗಿಸಿದರೇ ಕೆಲವೊಮ್ಮೆ ಜೀವ ಬರುತ್ತದೆ. ಹಳೆಯ ಬೋರ್ಡಿನಲ್ಲಿ ಕೆಪಾಸಿಟರ್ ತಲೆ ಉಬ್ಬಿದೆಯಾ ನೋಡಿ. ಸುಮಾರು 1999ರಿಂದ 2007ರವರೆಗಿನ ಬೋರ್ಡ್‌ಗಳಲ್ಲಿ ಕೆಟ್ಟ ಎಲೆಕ್ಟ್ರೊಲೈಟ್‌ನಿಂದ ಇದು ಪಿಡುಗಿನಂತೆ ಹರಡಿತ್ತು. ಈಗಿನವುಗಳಲ್ಲಿ ಘನ ಕೆಪಾಸಿಟರ್‌ಗಳಿರುವುದರಿಂದ ಕಡಿಮೆ.

ಈಗ ಆಯ್ಕೆಗಳು

ವಾರಂಟಿ ಇದ್ದರೆ ಬೇರೆ ಯೋಚನೆಯೇ ಬೇಡ. ಬೋರ್ಡ್‌ಗಳಿಗೆ ನಮ್ಮಲ್ಲಿ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುತ್ತದೆ, ಬಿಲ್ ಹುಡುಕಿ. ಯಾರಾದರೂ ಸೋಲ್ಡರ್ ಮುಟ್ಟಿಸಿದರೆ, ಸಾಕೆಟ್ ಪಿನ್ ಬಾಗಿದ್ದರೆ, ಸುಟ್ಟ ಕಲೆ ಇದ್ದರೆ ವಾಪಸ್ ಕಳಿಸುತ್ತಾರೆ. ಹಾಗಾಗಿ ವಾರಂಟಿ ಇರುವಾಗ ಚಿಪ್ ಲೆವೆಲ್‌ಗೆ ಕೊಡುವುದು ದೊಡ್ಡ ತಪ್ಪು. ಸಾಕೆಟ್ಟಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಎತ್ತಿಟ್ಟಿದ್ದರೆ ಕಳಿಸುವಾಗ ಹಾಕಿ. ಇದರ ಬೆಲೆ ದಿನಗಳಲ್ಲಿ: ಎರಡರಿಂದ ನಾಲ್ಕು ವಾರ ಯಂತ್ರ ಇಲ್ಲದೆ ಇರಲು ಸಿದ್ಧರಾಗಿ.

ಎರಡನೆಯದು ಊರುಗೋಲಿನ ದಾರಿ. ಶಬ್ದದ ಐಸಿ ಹೋದರೆ ಯುಎಸ್‌ಬಿ ಸೌಂಡ್ ಕಾರ್ಡ್, ನೆಟ್‌ನದು ಹೋದರೆ ಲ್ಯಾನ್ ಕಾರ್ಡ್, ಡಿಸ್ಕ್ ಸಿಕ್ಕಿಸುವ ಸಾಟಾ ಪೋರ್ಟ್ ಹೋದರೆ ಪಿಸಿಐ ಎಕ್ಸ್‌ಪ್ರೆಸ್ ಸಾಟಾ ಕಾರ್ಡ್. ಕೆಲವು ನೂರರಿಂದ ಸಾವಿರ, ಸಾವಿರದೈನೂರರೊಳಗೆ ಮುಗಿಯುತ್ತದೆ. ಇದು ಬಡವರ ಉಪಾಯ ಎಂದುಕೊಳ್ಳಬೇಡಿ. 2011ರ ಜನವರಿ 31ರಂದು ಇಂಟೆಲ್ ತನ್ನ 6ನೇ ಸರಣಿಯ ಚಿಪ್‌ಸೆಟ್ಟಿನಲ್ಲಿ ದೋಷವಿದೆ ಎಂದು ತಾನೇ ಪ್ರಕಟಿಸಿತು. ಚಿಪ್ಪಿನೊಳಗಿನ ಒಂದು ಟ್ರಾನ್ಸಿಸ್ಟರ್ ಹೆಚ್ಚಿನ ವೋಲ್ಟೇಜಿಗೆ ಸಿಕ್ಕಿ ಕಾಲಕ್ರಮೇಣ ಕರೆಂಟು ಸೋರಿಸುತ್ತಿತ್ತು, ಅದರಿಂದ 3 ಗಿಗಾಬಿಟ್ಟಿನ ನಾಲ್ಕು ಸಾಟಾ ಪೋರ್ಟ್‌ಗಳು ಬರಬರುತ್ತಾ ಕೆಡುತ್ತಿದ್ದವು. 6 ಗಿಗಾಬಿಟ್ಟಿನ ಮೊದಲೆರಡು ಪೋರ್ಟ್‌ಗಳಿಗೆ ಏನೂ ಆಗುತ್ತಿರಲಿಲ್ಲ. ಬದಲಿ ಕೆಲಸಕ್ಕೆ ಕಂಪನಿ ಅಂದಾಜಿಸಿದ ವೆಚ್ಚ 70 ಕೋಟಿ ಡಾಲರ್. ಆದರೆ ಒಂದೋ ಎರಡೋ ಡಿಸ್ಕ್ ಇರುವ ಸಾಮಾನ್ಯ ಬಳಕೆದಾರನಿಗೆ ಕೇಬಲ್ಲನ್ನು ಆ ಎರಡು ಪೋರ್ಟ್‌ಗಳಿಗೆ ಬದಲಿಸಿದರೆ ಸಾಕಿತ್ತು. ಅದೇ ಚಿಪ್, ಅದೇ ದೋಷ. ಯಾವ ಭಾಗ ಸತ್ತಿದೆ ಎಂದು ತಿಳಿದವನಿಗೆ ಖರ್ಚೇ ಇಲ್ಲ.

ಮೂರನೆಯದು ಚಿಪ್ ಲೆವೆಲ್ ರಿಪೇರಿ. ಇದರ ಬಗ್ಗೆ ಒಳ್ಳೆಯ ಮಾತೂ ಇದೆ, ಎಚ್ಚರಿಕೆಯೂ ಇದೆ. ಇದರಲ್ಲಿ ಯಾವ ಐಸಿಗೆ ಯಾವ ಫಲ ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಬಯೋಸ್ ಐಸಿ ಎಂಟು ಕಾಲಿನ ಪುಟ್ಟ ಮೆಮೊರಿ. ಮೇಲೆ 25ಕ್ಯೂ64 ಎಂದಿದ್ದರೆ 8 ಮೆಗಾಬೈಟ್, 25ಕ್ಯೂ128 ಎಂದಿದ್ದರೆ 16. ಪ್ರೋಗ್ರಾಮರ್ ಎಂಬ ಅಗ್ಗದ ಸಾಧನದಿಂದಲೇ ಮತ್ತೆ ಬರೆಯಬಹುದು. ಅರ್ಧ ಗಂಟೆಯ ಕೆಲಸ, ಸರಿಯಾಗಿ ಮಾಡಿದರೆ ಶಾಶ್ವತ. ಎರಡು ಮಾತು ನೆನಪಿಡಿ. ಕೆಲವು ಐಸಿಗಳು 3.3 ಬದಲು 1.8 ವೋಲ್ಟಿನವು, ನೇರವಾಗಿ ಸಿಕ್ಕಿಸಿದರೆ ಸುಡುತ್ತವೆ. ಮತ್ತು ಹಳೆಯ ಐಸಿಯೊಳಗಿನದನ್ನು ಮೊದಲು ಓದಿಟ್ಟುಕೊಳ್ಳಲು ಹೇಳಿ. ಬೋರ್ಡಿನ ಸೀರಿಯಲ್ ನಂಬರ್, ಬ್ರ್ಯಾಂಡೆಡ್ ಯಂತ್ರವಾದರೆ ವಿಂಡೋಸ್ ಕೀ, ಕೆಲವು ಬೋರ್ಡ್‌ಗಳಲ್ಲಿ ನೆಟ್‌ವರ್ಕ್ ವಿಳಾಸವೂ ಅಲ್ಲೇ ಇರುತ್ತವೆ. ಕಂಪನಿಯ ಸೈಟಿನಿಂದ ಇಳಿಸಿದ ಫೈಲನ್ನೇ ನೇರ ಬರೆದುಬಿಟ್ಟರೆ ಅವೆಲ್ಲ ಅಳಿಸಿಹೋಗುತ್ತವೆ. ಕೆಲವು ಬೋರ್ಡ್‌ಗಳ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುತ್ತದೆ. ಪೆನ್‌ಡ್ರೈವ್ ಹಾಕಿ ಒತ್ತಿದರೆ ಪ್ರೊಸೆಸರ್ ಇಲ್ಲದೆಯೂ ಮತ್ತೆ ಬರೆಯುತ್ತದೆ, ಅಂಗಡಿಗೆ ಹೋಗುವುದೇ ಬೇಡ.

ಐಒ ಮತ್ತು ಮಾಸ್ಫೆಟ್ ಕೂಡ ಮಾಡಿಸಲು ಯೋಗ್ಯವಾದವು. ಕಾಲುಗಳು ಹೊರಗೆ ಕಾಣುತ್ತವೆ, ಹಾಟ್ ಏರ್‌ನಲ್ಲಿ ತೆಗೆದು ಹಾಕಬಹುದು, ಮಾಡಿದ ಕೆಲಸ ಸರಿಯಿದೆಯಾ ಎಂದು ಭೂತಗನ್ನಡಿಯಲ್ಲಿ ನೀವೇ ನೋಡಬಹುದು. ಐಒ ನಂಬರಿನ ಕೊನೆಯ ಅಕ್ಷರಗಳೂ ಹೊಂದಬೇಕು, ಮೊದಲ ನಾಲ್ಕಂಕಿ ಒಂದೇ ಇದ್ದರೆ ಸಾಲದು. ಮಾಸ್ಫೆಟ್ ಬದಲಿಸುವವರು ಅದನ್ನು ನಡೆಸುವ ಡ್ರೈವರ್ ಐಸಿಯನ್ನೂ ಪರೀಕ್ಷಿಸಬೇಕು, ಇಲ್ಲದಿದ್ದರೆ ಹೊಸದೂ ಹೋಗುತ್ತದೆ.

ಸೌತ್ ಬ್ರಿಡ್ಜ್ ಬೇರೆಯೇ ಜಾತಿ. ಅದರ ನೂರಾರು ಸೋಲ್ಡರ್ ಗುಂಡುಗಳು ಹೊಟ್ಟೆಯ ಕೆಳಗಿವೆ. ಇಂಥ ಗುಂಡುಗಳ ಚಿಪ್ ತೆಗೆದು ಕೂರಿಸುವ ಬಿಜಿಎ ಮೆಷಿನ್ ಬೇಕು, ಸೀಸವಿಲ್ಲದ ಸೋಲ್ಡರ್ ಕರಗಲು 217 ಡಿಗ್ರಿ ದಾಟಬೇಕು, ಅಷ್ಟು ಕಾಯುವಾಗ ಬೋರ್ಡ್ ಬಾಗಬಾರದು. ಬದಲಿ ಚಿಪ್ ಬರುವುದು ಬಹುಪಾಲು ಬೇರೆ ಸತ್ತ ಬೋರ್ಡಿನಿಂದ. ಇನ್ನು "ಹೀಟ್ ಕೊಟ್ಟು ಸರಿ ಮಾಡ್ತೀವಿ" ಎಂಬ ಮಾತಿಗೆ ಒಪ್ಪಲೇಬೇಡಿ. ಬಿಸಿ ತಾಗಿದಾಗ ಬಿಟ್ಟ ಸಂಪರ್ಕ ಕೆಲ ದಿನ ಕೂಡುತ್ತದೆ, ನಿಮ್ಮ ಹಣ ಕೈಬಿಡುವಷ್ಟು ದಿನ ಯಂತ್ರ ಓಡುತ್ತದೆ, ಆಮೇಲೆ ಮತ್ತದೇ. ಡೇಟಾ ಬೇಕೆಂದರೂ ಇದರ ಅಗತ್ಯವಿಲ್ಲ, ಡೆಸ್ಕ್‌ಟಾಪಿನ ಡಿಸ್ಕ್ ಕಳಚಿ ಬೇರೆ ಯಂತ್ರಕ್ಕೆ ಹಾಕಬಹುದು. ತೀರಾ ದುಬಾರಿ ಬೋರ್ಡ್ ಅಥವಾ ಬದಲಿ ಸಿಗದ ಯಾವುದೋ ಕಾರ್ಖಾನೆಯ ಯಂತ್ರ ಆಗಿರದಿದ್ದರೆ ಸೌತ್ ಬ್ರಿಡ್ಜ್ ಬದಲಿಸುವುದಕ್ಕೆ ನಾನು ಹೂಂ ಅನ್ನುವುದಿಲ್ಲ.

ಬೆಲೆಗೆ ನನ್ನದೊಂದು ಅಳತೆ: ರಿಪೇರಿ ಕೇಳುವ ಹಣ ಅದೇ ಜಾತಿಯ ಸೆಕೆಂಡ್ ಹ್ಯಾಂಡ್ ಬೋರ್ಡಿನ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ.

ನಾಲ್ಕನೆಯದು ಆ ಸೆಕೆಂಡ್ ಹ್ಯಾಂಡ್ ಬೋರ್ಡೇ. ಪ್ರೊಸೆಸರ್, ರ‍್ಯಾಮ್ ಎರಡೂ ಉಳಿಯುತ್ತವೆ, ಒಂದೇ ದಿನದಲ್ಲಿ ಕೆಲಸ ಮುಗಿಯುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅರ್ಧ ದಿನ ತಿರುಗುವಷ್ಟು ತಾಳ್ಮೆ ಇದ್ದರೆ ಹೆಚ್ಚಿನ ಮಾದರಿ ಸಿಗುತ್ತವೆ. ಇಲ್ಲಿ ಜನ ಎಡವುವುದು ಸಾಕೆಟ್ ಒಂದೇ ಎಂದು ನಂಬಿ. ಇಂಟೆಲ್‌ನ ಸಾಕೆಟ್ಟಿಗೆ ಎಲ್‌ಜಿಎ 1151 ಎಂದೇ ಹೆಸರಿದ್ದರೂ 100 ಮತ್ತು 200 ಸರಣಿಯ ಚಿಪ್‌ಸೆಟ್ ಇರುವ ಬೋರ್ಡಿಗೆ 8ನೇ ತಲೆಮಾರಿನ ಪ್ರೊಸೆಸರ್ ಕೂತರೂ ಓಡುವುದಿಲ್ಲ, 300 ಸರಣಿಯೇ ಬೇಕು. ಬ್ರ್ಯಾಂಡೆಡ್ ಆಫೀಸ್ ಯಂತ್ರಗಳಲ್ಲಿ 24 ಪಿನ್ ಬದಲು ಅವರದೇ ಸಣ್ಣ ಪವರ್ ಕನೆಕ್ಟರ್ ಇರುವುದುಂಟು, ಅವಕ್ಕೆ ಅದೇ ಮಾದರಿಯ ಬೋರ್ಡೇ ಬೇಕು. ಕೊಳ್ಳುವಾಗ ನಿಮ್ಮ ಪ್ರೊಸೆಸರನ್ನೇ ಒಯ್ದು ಅಲ್ಲೇ ಹಾಕಿಸಿ, ಎಲ್ಲ ಪೋರ್ಟಿಗೂ ಪೆನ್‌ಡ್ರೈವ್ ಹಾಕಿ ನೋಡಿ. ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಈ ಮೊದಲೇ ಯಾರಾದರೂ ಹಾಟ್ ಏರ್ ಹಿಡಿದಿದ್ದರೆ ಬೆಸುಗೆಗೆ ಬಳಸಿದ ಅಂಟಿನ ಹೊಳಪು ಕಾಣುತ್ತದೆ; ಅಂಥ ಬೋರ್ಡನ್ನು ಬಿಡಿ.

ಎಎಂಡಿ ಕಂಪನಿಯ, ಎಎಂ4 ಸಾಕೆಟ್ಟಿನ ರೈಜನ್ ಪ್ರೊಸೆಸರ್ ಇರುವವರು ಅದೃಷ್ಟವಂತರು. ಎ520, ಬಿ550 ಬೋರ್ಡ್‌ಗಳು ಇನ್ನೂ ಹೊಸದಾಗಿ, ಮೂರು ವರ್ಷದ ವಾರಂಟಿಯೊಂದಿಗೆ ಸಿಗುತ್ತವೆ. ಮೊದಲ ತಲೆಮಾರಿನ ರೈಜನ್ ಆದರೆ ಮಾತ್ರ ಆ ಬೋರ್ಡ್ ಅದನ್ನು ಒಪ್ಪುತ್ತದೆಯೇ ಎಂದು ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಎಚ್61, ಎಚ್81 ಚಿಪ್‌ಸೆಟ್ಟಿನ ಹಳೆಯ ಇಂಟೆಲ್ ಯಂತ್ರದವರಿಗೂ "ಹೊಸ" ಬೋರ್ಡ್ ಎಂದು ಅಗ್ಗದ ಮಾಲು ಸಿಗುತ್ತದೆ. ಆ ಚಿಪ್‌ಸೆಟ್‌ಗಳು ಹೊಸದಾಗಿ ಬರುವುದು ನಿಂತು ವರ್ಷಗಳಾಗಿವೆ, ಇವುಗಳಲ್ಲಿ ಇರುವುದು ಬಹುಪಾಲು ಹಳೆಯ ಬೋರ್ಡಿನಿಂದ ಬಿಡಿಸಿದ ಚಿಪ್. ಬಿಲ್ಲಿಂಗ್‌ಗೆ, ಟೈಪಿಂಗ್‌ಗೆ ಒಂದೆರಡು ವರ್ಷ ದೂಡಲು ಸರಿ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಇಲ್ಲಿ ಯಂತ್ರದ ತಲೆಮಾರು ಲೆಕ್ಕಕ್ಕೆ ಬರುತ್ತದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ನಿಯಮದಂತೆ ಬೇಕೆಂದರೆ ಇಂಟೆಲ್ 8ನೇ ತಲೆಮಾರು ಅಥವಾ ರೈಜನ್ 2000ರಿಂದ ಈಚಿನದು ಇರಬೇಕು. ಅದಕ್ಕಿಂತ ಹಳೆಯದರಲ್ಲಿ ಬ್ಯಾಂಕ್, ಜಿಎಸ್‌ಟಿ ಕೆಲಸ ಮಾಡುವವರು ಬೋರ್ಡಿಗೆ ಹಣ ಹಾಕುವ ಬದಲು ಮುಂದಿನ ಎರಡು ದಾರಿ ನೋಡಿ.

ಒಂದು, ಬೋರ್ಡ್, ಪ್ರೊಸೆಸರ್, ರ‍್ಯಾಮ್ ಸೇರಿ ಹೊಸ ಸೆಟ್. ಕ್ಯಾಬಿನೆಟ್, ಡಿಸ್ಕ್ ಉಳಿಯುತ್ತವೆ. ಎಸ್‌ಎಂಪಿಎಸ್ ಐದಾರು ವರ್ಷದ್ದಾದರೆ ಉಳಿಸಬೇಡಿ. 2025ರ ಕೊನೆಯ ತಿಂಗಳುಗಳಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಜೋರಾಗಿ ಏರಿದ ಮೇಲೆ ಈ ದಾರಿಯ ಲೆಕ್ಕ ಬದಲಾಗಿದೆ. ನಿಮ್ಮ ಹತ್ತಿರ ಡಿಡಿಆರ್4 ರ‍್ಯಾಮ್ ಇದ್ದರೆ ಅದನ್ನೇ ತೆಗೆದುಕೊಳ್ಳುವ ಎಚ್610 ಬೋರ್ಡ್ ಮತ್ತು 12ನೇ ತಲೆಮಾರಿನ ಐ3 ಆರಿಸಿದರೆ ದೊಡ್ಡ ಖರ್ಚೊಂದು ಉಳಿಯುತ್ತದೆ. ಎಚ್610ರಲ್ಲೇ ಡಿಡಿಆರ್5ನದೂ ಇವೆ, ಡಬ್ಬಿ ಓದಿ ಕೊಳ್ಳಿ.

ಇನ್ನೊಂದು, ಕಂಪನಿಗಳು ಬಳಸಿ ಬಿಟ್ಟ 8ನೇ ತಲೆಮಾರಿನ ಐ5 ರಿಫರ್ಬಿಷ್ಡ್ ಆಫೀಸ್ ಯಂತ್ರ. ಅದೇ ಸಂಜೆ ಕೆಲಸಕ್ಕೆ ಸಿದ್ಧ, ಕರೆಂಟು ಕಡಿಮೆ, ಬಹಳ ಸಲ ವಿಂಡೋಸ್ ಲೈಸೆನ್ಸ್ ಸಹಿತ. ಮುಂದೆ ಅದರ ಬೋರ್ಡೋ ಎಸ್‌ಎಂಪಿಎಸ್ಸೋ ಹೋದರೆ ಬಿಡಿಭಾಗ ಹುಡುಕಾಟ ಕಷ್ಟ, ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಿಡಿಸುವುದಿಲ್ಲ.

ಯಾರಿಗೆ ಯಾವುದು

ದಿನಗೂಲಿಯಂತೆ ಯಂತ್ರದಿಂದಲೇ ಸಂಪಾದನೆ ಇರುವ ಡಿಟಿಪಿ, ಜೆರಾಕ್ಸ್ ಅಂಗಡಿಯವರಿಗೆ ಕಾಯುವ ಪ್ರತಿ ದಿನವೂ ನಷ್ಟ. ಊರುಗೋಲು ಆಗುವಂತಿದ್ದರೆ ಇವತ್ತೇ ಅದು, ಆಗದಿದ್ದರೆ ರಿಫರ್ಬಿಷ್ಡ್ ಯಂತ್ರ ತಂದು ಹಳೆಯದನ್ನು ನಿಧಾನಕ್ಕೆ ರಿಪೇರಿಗೆ ಕೊಟ್ಟು ಎರಡನೆಯ ಯಂತ್ರವಾಗಿ ಇಟ್ಟುಕೊಳ್ಳಿ. ಓದುವ ಮಕ್ಕಳ ಯಂತ್ರ 8ನೇ ತಲೆಮಾರಿನಿಂದ ಈಚಿನದಾದರೆ ಬಯೋಸ್, ಐಒ, ಮಾಸ್ಫೆಟ್ ರಿಪೇರಿ ಮಾಡಿಸುವುದು ಸರಿ. ಸೌತ್ ಬ್ರಿಡ್ಜ್ ಆದರೆ ಸೆಕೆಂಡ್ ಹ್ಯಾಂಡ್ ಬೋರ್ಡ್. ಗೇಮಿಂಗ್, ವಿಡಿಯೊ ಎಡಿಟಿಂಗ್‌ನವರಿಗೆ ವಾರಂಟಿ ಇಲ್ಲದಿದ್ದರೆ ಹೊಸ ಬೋರ್ಡೇ ಒಳ್ಳೆಯದು. ಅಷ್ಟು ಕರೆಂಟು ಎಳೆಯುವ ಪ್ರೊಸೆಸರನ್ನು ಒಮ್ಮೆ ಸುಟ್ಟ ಮಾಸ್ಫೆಟ್‌ಗಳ ಸಾಲಿನ ಮೇಲೆ ನಂಬಿ ಕೂರಿಸಲು ನನಗೆ ಧೈರ್ಯ ಬರುವುದಿಲ್ಲ. ಸೊಸೈಟಿ, ಪಂಚಾಯಿತಿಯಂಥ ಕಡೆ ಹಳೆಯ ಸಾಫ್ಟ್‌ವೇರ್ ಆ ಒಂದೇ ಯಂತ್ರದಲ್ಲಿ ಓಡುತ್ತಿದ್ದರೆ ಅದೇ ಮಾದರಿಯ ಬೋರ್ಡ್ ಎರಡು ಕೊಂಡು ಒಂದನ್ನು ಪೆಟ್ಟಿಗೆಯಲ್ಲಿಡಿ.

ಬೋರ್ಡ್ ಬದಲಿಸುವ ದಾರಿ ಹಿಡಿದವರು ಮುಂಚೆಯೇ ಒಂದು ಕೆಲಸ ಮಾಡಬೇಕು. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸ್ ಹಾಕುವ ಬೀಗ) ಇದ್ದರೆ ಹೊಸ ಬೋರ್ಡಿನಲ್ಲಿ ಅದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀಯನ್ನು ಕಾಯುವ ಟಿಪಿಎಂ ಎಂಬ ಭದ್ರತಾ ಭಾಗ ಹಳೆಯ ಯಂತ್ರದ ಜೊತೆ ಹೋಗಿರುತ್ತದೆ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ, ಮೊಬೈಲಿನಿಂದಲೇ ತೆಗೆದು ಬರೆದಿಟ್ಟುಕೊಳ್ಳಿ. ಯಂತ್ರದ ಜೊತೆ ಬಂದ ಒಇಎಂ ವಿಂಡೋಸ್ ಹಳೆಯ ಬೋರ್ಡಿಗೆ ಕಟ್ಟಿಬಿದ್ದಿರುತ್ತದೆ, ಬೇರೆಯಾಗಿ ಕೊಂಡ ರೀಟೇಲ್ ಕೀಯನ್ನು ಹೊಸದಕ್ಕೆ ಒಯ್ಯಬಹುದು.

ಅಂಗಡಿಗೆ ಒಯ್ಯುವಾಗ ಡಿಸ್ಕ್ ಕಳಚಿ ಮನೆಯಲ್ಲಿಡಿ. ಬೋರ್ಡಿನ ಎರಡೂ ಬದಿಯ ಫೋಟೊ, ಸೀರಿಯಲ್ ನಂಬರಿನ ಫೋಟೊ ತೆಗೆದುಕೊಳ್ಳಿ. ಒಂದು ಚೀಟಿಯಲ್ಲಿ ನೇರಳೆ ಎಷ್ಟು, ಬಟನ್ ಒತ್ತಿದಾಗ ಹಸಿರು ಎಷ್ಟು, 8 ಪಿನ್ ಕಳಚಿದಾಗ ಏನಾಯಿತು, ಯಾವ ಐಸಿ ಬಿಸಿ ಎಂದು ಬರೆದು ಕೊಡಿ. ಯಾವ ಐಸಿ ಬದಲಿಸಿದರೂ ಹಳೆಯದನ್ನು ವಾಪಸ್ ಕೊಡಬೇಕು ಎಂದು ಮೊದಲೇ ಹೇಳಿ, ಬಿಲ್ಲಿನಲ್ಲಿ ಐಸಿ ನಂಬರ್ ಮತ್ತು ಎಷ್ಟು ದಿನದ ಗ್ಯಾರಂಟಿ ಎಂದು ಬರೆಸಿಕೊಳ್ಳಿ. ವಾಪಸ್ ತಂದ ಮೇಲೆ ಡಿಸ್ಕ್ ಹಾಕುವ ಮೊದಲು ಬಯೋಸ್ ಪರದೆಯಲ್ಲೇ ಎರಡು ಗಂಟೆ ಬಿಟ್ಟು ನೋಡಿ.